ಡಯಾಲಿಸಿಸ್ ರಕ್ತಮಾರ್ಗದ ಅಡಚಣೆ: ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯಿಂದ ಒಂದು ನೋಟ

ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಯಂತ್ರಕ್ಕೆ ಒಯ್ದು, ಸೋಸಿ, ಮರಳಿ ಮೈಗೆ ಸೇರಿಸಲು ದೇಹದಲ್ಲಿ ಮಾಡಿಕೊಂಡ ದಾರಿಗೆ ರಕ್ತಮಾರ್ಗ ಎನ್ನುತ್ತಾರೆ. ಈ ದಾರಿ ಕಿರಿದಾಗುವುದು, ಹೆಪ್ಪುಗಟ್ಟಿ ಮುಚ್ಚಿಹೋಗುವುದು ಡಯಾಲಿಸಿಸ್ ರೋಗಿಗಳು ಮತ್ತೆ ಮತ್ತೆ ಆಸ್ಪತ್ರೆ ಸೇರಲು ದೊಡ್ಡ ಕಾರಣಗಳಲ್ಲಿ ಒಂದು. ಉತ್ತರ ಕನ್ನಡದ ದಕ್ಷಿಣ ಕರಾವಳಿಯಲ್ಲಿ ಡಯಾಲಿಸಿಸ್ ಯಂತ್ರ ತಾಲ್ಲೂಕು ಆಸ್ಪತ್ರೆಯವರೆಗೆ ಬಂದಿದೆ. ಕಟ್ಟಿಕೊಂಡ ನಾಳವನ್ನು ತೆರೆಯುವ ಬಲೂನ್ ಚಿಕಿತ್ಸೆಗೆ ಮಾತ್ರ ಈ ಭಾಗದ ಜನ ಸಾಮಾನ್ಯವಾಗಿ ಮಣಿಪಾಲ, ಮಂಗಳೂರು ಅಥವಾ ಘಟ್ಟ ಹತ್ತಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುತ್ತಾರೆ. ಸೂಜಿ ಊರಿನಲ್ಲಿದೆ, ಬಲೂನು ದೂರದಲ್ಲಿದೆ. ಈ ಅಂತರವೇ ಇಲ್ಲಿನ ಚಿಕಿತ್ಸೆಯ ಗತಿಯನ್ನು ನಿರ್ಧರಿಸುತ್ತದೆ.

ಕೈಯೊಳಗಿನ ಕಾಲುವೆ

ಡಯಾಲಿಸಿಸ್ ಯಂತ್ರ ನಿಮಿಷಕ್ಕೆ 250ರಿಂದ 400 ಮಿ.ಲೀ. ರಕ್ತ ಬೇಡುತ್ತದೆ. ಕೈಯ ಮೇಲೆ ನೀಲಿಯಾಗಿ ಕಾಣುವ ಸಾಧಾರಣ ಅಭಿಧಮನಿ ಅಷ್ಟನ್ನು ಕೊಡಲಾರದು. ಕೊಡಬಲ್ಲ ಧಮನಿ ಆಳದಲ್ಲಿದೆ, ಅದಕ್ಕೆ ಪದೇ ಪದೇ ಸೂಜಿ ಚುಚ್ಚುವುದು ಅಪಾಯ. ಆದ್ದರಿಂದ ಶಸ್ತ್ರವೈದ್ಯರು ಮಣಿಕಟ್ಟಿನ ಬಳಿಯಲ್ಲೋ ಮೊಣಕೈ ಮಡಿಕೆಯಲ್ಲೋ ಧಮನಿಗೆ ಅಭಿಧಮನಿಯನ್ನು ನೇರವಾಗಿ ಹೊಲಿದು ಜೋಡಿಸುತ್ತಾರೆ. ಇದು ಎವಿ ಫಿಸ್ಟುಲಾ; ರೋಗಿಗಳ ಬಾಯಲ್ಲಿ ಬರೀ ‘ಫಿಸ್ಟುಲಾ’. ಮಣಿಕಟ್ಟಿನ ಧಮನಿಯಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 20–30 ಮಿ.ಲೀ. ರಕ್ತ ಹರಿಯುತ್ತದೆ. ಜೋಡಣೆಯಾಗಿ ನಾಳ ಬಲಿತ ಮೇಲೆ ಅದೇ ಹರಿವು 600 ಮಿ.ಲೀ. ದಾಟುತ್ತದೆ. ಬಲಿತ ಫಿಸ್ಟುಲಾವನ್ನು ಗುರುತಿಸಲು ವೈದ್ಯರಲ್ಲಿ ‘ಆರರ ಲೆಕ್ಕ’ ಒಂದಿದೆ: ಆರು ವಾರದ ಹೊತ್ತಿಗೆ 600 ಮಿ.ಲೀ. ಹರಿವು, 6 ಮಿ.ಮೀ. ಅಗಲ, ಚರ್ಮದಿಂದ 6 ಮಿ.ಮೀ.ಗಿಂತ ಹೆಚ್ಚಿಲ್ಲದ ಆಳ.

ಸ್ವಂತ ನಾಳ ಸಪೂರವಾಗಿದ್ದರೆ ಪಿಟಿಎಫ್‌ಇ ಎಂಬ ಕೃತಕ ಕೊಳವೆಯನ್ನು ಚರ್ಮದಡಿ ಹಾಸಿ ಧಮನಿಗೂ ಅಭಿಧಮನಿಗೂ ಸೇತುವೆ ಕಟ್ಟುತ್ತಾರೆ. ಇದು ಗ್ರಾಫ್ಟ್. ಎರಡೂ ಆಗದಾಗ, ಅಥವಾ ಡಯಾಲಿಸಿಸ್ ಇವತ್ತೇ ಆಗಬೇಕಾದಾಗ, ಕುತ್ತಿಗೆಯ ದೊಡ್ಡ ಅಭಿಧಮನಿಗೆ ಕ್ಯಾತಿಟರ್ ಇಳಿಸುತ್ತಾರೆ. ‘ಕುತ್ತಿಗೆ ಪೈಪು’ ಎಂದು ಜನ ಕರೆಯುವುದು ಇದನ್ನೇ.

ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಸೂಜಿ ಎಂದು ಹಿಡಿದರೂ ಒಂದು ಫಿಸ್ಟುಲಾ ವರ್ಷಕ್ಕೆ 208 ಚುಚ್ಚು ತಿನ್ನುತ್ತದೆ. ವಾರಕ್ಕೆ ಮೂರಾದರೆ 312. ಅದೂ ಮಾಮೂಲಿ ಇಂಜೆಕ್ಷನ್ ಸೂಜಿಯಲ್ಲ, 15–17 ಗೇಜಿನ ದಪ್ಪ ಸೂಜಿ. ಒಂದೇ ಜಾಗಕ್ಕೆ ಚುಚ್ಚುತ್ತಾ ಹೋದರೆ ಅಲ್ಲಿ ಗೋಡೆ ಸಡಿಲಾಗಿ ಉಬ್ಬು ಏಳುತ್ತದೆ. ಏಣಿಯ ಮೆಟ್ಟಿಲಿನಂತೆ ದಿನದಿನಕ್ಕೆ ಜಾಗ ಬದಲಿಸುವುದು ಸರಿಯಾದ ಕ್ರಮ. ಆದರೆ ನೋವು ಕಡಿಮೆಯಾಗಲೆಂದು ಹಳೆಯ ತೂತಿನ ಪಕ್ಕದಲ್ಲೇ ಚುಚ್ಚಿ ಎಂದು ಕೇಳುವವರು ರೋಗಿಗಳೇ. ತಂತ್ರಜ್ಞರು ಒಪ್ಪಿಬಿಡುವುದೂ ಉಂಟು.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ನೆದರ್‌ಲ್ಯಾಂಡ್ಸಿನ ಕಾಂಪೆನ್ ಪಟ್ಟಣದಲ್ಲಿ ವಿಲೆಮ್ ಕೋಲ್ಫ್ ತಿರುಗುವ ಪೀಪಾಯಿಯ ಕೃತಕ ಮೂತ್ರಪಿಂಡವನ್ನು ರೋಗಿಗೆ ಬಳಸಿದರು. ಯಂತ್ರವೇನೋ ಬಂತು. ಆದರೆ ಪ್ರತಿ ಸಲವೂ ಹೊಸ ನಾಳ ಕೊಯ್ಯಬೇಕಿತ್ತು, ನಾಳ ಮುಗಿದರೆ ಚಿಕಿತ್ಸೆಯೂ ಮುಗಿದ ಹಾಗೆ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಮತ್ತು ವೇಯ್ನ್ ಕ್ವಿಂಟನ್ ಟೆಫ್ಲಾನ್ ಕೊಳವೆಯನ್ನು ಕೈಯ ಹೊರಗೇ ಶಾಶ್ವತವಾಗಿ ಇರಿಸಿದರು. ದೀರ್ಘಕಾಲದ ಡಯಾಲಿಸಿಸ್ ಸಾಧ್ಯವಾದದ್ದು ಅಲ್ಲಿಂದ. ಆ ಕೊಳವೆಯನ್ನು ಕೀವು, ಹೆಪ್ಪು ಬಿಡಲಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮೈಕೆಲ್ ಬ್ರೆಸಿಯಾ, ಜೇಮ್ಸ್ ಸಿಮಿನೋ ಮತ್ತು ಶಸ್ತ್ರವೈದ್ಯ ಕೆನೆತ್ ಅಪೆಲ್ ಸೇರಿ ಹೊರಗಿನ ಕೊಳವೆಯನ್ನೇ ಬಿಟ್ಟು ರೋಗಿಯ ಸ್ವಂತ ನಾಳಗಳನ್ನು ಜೋಡಿಸಿದರು, 1966ರಲ್ಲಿ ಪ್ರಕಟಿಸಿದರು. ಇವತ್ತು ಭಟ್ಕಳದ ಮಂಚದ ಮೇಲೆ ಚಾಚಿದ ಕೈಯಲ್ಲಿ ಇರುವುದು ಅದೇ ಜೋಡಣೆ. ಅರವತ್ತು ವರ್ಷದಲ್ಲಿ ಅದಕ್ಕಿಂತ ಒಳ್ಳೆಯದು ಬಂದಿಲ್ಲ.

ಕಟ್ಟಿದ ನಾಳ ತೆರೆಯುವ ವಿದ್ಯೆ ಬೇರೆ ದಾರಿಯಿಂದ ಬಂತು. 1963ರಲ್ಲಿ ಥಾಮಸ್ ಫೋಗಾರ್ಟಿ ತುದಿಯಲ್ಲಿ ಪುಟ್ಟ ಬಲೂನಿರುವ, ಹೆಪ್ಪನ್ನು ಎಳೆದು ತೆಗೆಯುವ ಕ್ಯಾತಿಟರನ್ನು ಪರಿಚಯಿಸಿದರು. 1964ರಲ್ಲಿ ಪೋರ್ಟ್‌ಲ್ಯಾಂಡಿನ ಚಾರ್ಲ್ಸ್ ಡಾಟರ್ ಕಾಲಿನ ಧಮನಿಯ ಇಕ್ಕಟ್ಟನ್ನು ಒಳಗಿನಿಂದಲೇ ಹಿಗ್ಗಿಸಿದರು. ಜ್ಯೂರಿಕ್‌ನ ಆಂಡ್ರಿಯಾಸ್ ಗ್ರುಂಟ್ಸಿಗ್ 1974ರಲ್ಲಿ ಅದಕ್ಕೆ ಗಟ್ಟಿ ಬಲೂನು ಕೊಟ್ಟರು. ಹೃದಯಕ್ಕೆ ಹೆಸರಾದ ಈ ಆಂಜಿಯೋಪ್ಲಾಸ್ಟಿಯೇ ಮುಂದೆ ಡಯಾಲಿಸಿಸ್ ಕೈಗೂ ಬಂತು.

ನಾಳ ಏಕೆ ಇಕ್ಕಟ್ಟಾಗುತ್ತದೆ

ಶರಾವತಿಯ ಅಳಿವೆಯಲ್ಲಿ ಹೂಳು ತುಂಬಿ ಬೋಟುಗಳು ಸಿಕ್ಕಿಬೀಳುವುದನ್ನು ಹೊನ್ನಾವರದ ಮೀನುಗಾರರು ಕಂಡವರೇ. ಫಿಸ್ಟುಲಾ ಕಿರಿದಾಗುವುದನ್ನು ವಿವರಿಸಲು ಆ ಹೋಲಿಕೆ ಅರ್ಧ ದೂರ ಮಾತ್ರ ಬರುತ್ತದೆ. ಹೂಳು ಹೊರಗಿನಿಂದ ಬಂದು ಕೂರುತ್ತದೆ. ಇಲ್ಲಿ ದಡವೇ ಒಳಕ್ಕೆ ಬೆಳೆಯುತ್ತದೆ. ಅಭಿಧಮನಿ ಕಡಿಮೆ ಒತ್ತಡದ, ನಿಧಾನ ಹರಿವಿನ ನಾಳ. ಅದಕ್ಕೆ ಏಕಾಏಕಿ ಧಮನಿಯ ರಭಸ ಬಿಟ್ಟರೆ ಜೋಡಣೆಯ ತಿರುವಿನಲ್ಲಿ ಸುಳಿ ಏಳುತ್ತದೆ, ಒಳಪದರ ಕೆರಳುತ್ತದೆ, ಗೋಡೆಯ ಸ್ನಾಯುಕೋಶಗಳು ಒಳಕ್ಕೆ ಸರಿದು ಬೆಳೆಯುತ್ತವೆ. ಅದರ ಮೇಲೆ ವರ್ಷಕ್ಕೆ ನೂರಾರು ಸೂಜಿ. ಹೃದಯದ ಧಮನಿಯಲ್ಲಿ ಕೊಬ್ಬು ಕೂರುವ ಹಾಗೆ ಇದಲ್ಲ, ಇದು ಗಾಯದ ಕಲೆಯಂಥ ಗಟ್ಟಿ ನಾರು. ಅದಕ್ಕೇ ಬಲೂನಿಗೂ ಸುಲಭವಾಗಿ ಬಗ್ಗುವುದಿಲ್ಲ.

ಮಣಿಕಟ್ಟಿನ ಫಿಸ್ಟುಲಾದಲ್ಲಿ ಇಕ್ಕಟ್ಟು ಹೆಚ್ಚಾಗಿ ಜೋಡಣೆಯ ಪಕ್ಕದ ಒಂದೆರಡು ಅಂಗುಲದಲ್ಲೇ ಬರುತ್ತದೆ. ಮೊಣಕೈ ಮೇಲಿನದರಲ್ಲಿ ಭುಜದ ಹತ್ತಿರ ಅಭಿಧಮನಿ ಕಮಾನಿನಂತೆ ಬಾಗುವಲ್ಲಿ, ಗ್ರಾಫ್ಟಿನಲ್ಲಿ ಕೊಳವೆ ಅಭಿಧಮನಿಯನ್ನು ಸೇರುವಲ್ಲಿ. ಎದೆಯೊಳಗಿನ ದೊಡ್ಡ ಅಭಿಧಮನಿಗಳೂ ಕಿರಿದಾಗುತ್ತವೆ. ಅದಕ್ಕೆ ಹಿಂದೆ ಹಾಕಿದ್ದ ಕ್ಯಾತಿಟರ್ ಕಾರಣವಾಗಿರುವುದೇ ಹೆಚ್ಚು, ವಿಶೇಷವಾಗಿ ಕೊರಳೆಲುಬಿನ ಅಡಿಯ ನಾಳಕ್ಕೆ ಹಾಕಿದ್ದರೆ. ಆದ್ದರಿಂದಲೇ ಈಗ ಬಲಗುತ್ತಿಗೆಯ ನಾಳಕ್ಕೆ ಮೊದಲ ಮಣೆ.

ವ್ಯಾಸ ಸ್ವಲ್ಪ ಕುಗ್ಗಿದರೂ ಹರಿವು ಬಹಳ ಕುಗ್ಗುತ್ತದೆ. ನೆಟ್ಟಗಿನ ಕೊಳವೆಯಲ್ಲಿ ವ್ಯಾಸ ಅರ್ಧವಾದರೆ ಪ್ರತಿರೋಧ ಹದಿನಾರು ಪಟ್ಟು ಎನ್ನುತ್ತದೆ ಭೌತಶಾಸ್ತ್ರ. ನಿಧಾನವಾದ ರಕ್ತ ಹೆಪ್ಪುಗಟ್ಟಲು ಒಂದು ನೆವ ಸಾಕು: ಡಯಾಲಿಸಿಸ್ ಮುಗಿದ ಮೇಲೆ ಬಿಪಿ ಕುಸಿದದ್ದು, ಮೇ ತಿಂಗಳ ಸೆಕೆಯಲ್ಲಿ ಭೇದಿಯಾಗಿ ಮೈ ನೀರು ಬತ್ತಿದ್ದು, ರಾತ್ರಿ ಆ ಕೈ ಮೇಲೇ ಮಲಗಿದ್ದು, ರಕ್ತ ನಿಲ್ಲಲೆಂದು ಕಟ್ಟಿದ ಪಟ್ಟಿಯನ್ನು ಮನೆಗೆ ಬಂದ ಮೇಲೂ ಬಿಚ್ಚದೆ ಬಿಟ್ಟದ್ದು.

ಬೆರಳಿಗೆ ಸಿಗುವ ಸುಳಿವು

ಒಳ್ಳೆಯ ಫಿಸ್ಟುಲಾ ಮೇಲೆ ಬೆರಳಿಟ್ಟರೆ ಎಡೆಬಿಡದ ಗುಂಯ್‌ಗುಡುವಿಕೆ ಸಿಗುತ್ತದೆ, ಮಡಿಲಲ್ಲಿ ಮಲಗಿದ ಬೆಕ್ಕಿನ ಗುರುಗುರು ಇದ್ದ ಹಾಗೆ. ಡಯಾಲಿಸಿಸ್ ಕೋಣೆಯಲ್ಲಿ ಇದಕ್ಕೆ ‘ಥ್ರಿಲ್’ ಎಂದೇ ಹೆಸರು. ಅನಕ್ಷರಸ್ಥ ಅಜ್ಜಿಯೂ ‘ಥ್ರಿಲ್ ಉಂಟು’, ‘ಥ್ರಿಲ್ ಇಲ್ಲ’ ಎನ್ನುತ್ತಾಳೆ. ಗುರುಗುರು ಹೋಗಿ ಬರೀ ಬಡಿತ ಉಳಿದರೆ ಮುಂದೆಲ್ಲೋ ದಾರಿ ಇಕ್ಕಟ್ಟಾಗಿದೆ ಎಂದರ್ಥ. ಕಿವಿಗೊಟ್ಟರೆ ಕೇಳುವ ಗಾಳಿಯಂಥ ಸದ್ದು ಸಿಳ್ಳೆಯಂತೆ ಸಣ್ಣಗಾದರೂ ಅದೇ ಅರ್ಥ. ಎರಡೂ ನಿಂತರೆ ನಾಳ ಮುಚ್ಚಿದೆ.

ಇನ್ನೊಂದು ಪರೀಕ್ಷೆಗೆ ಕಾಸು ಬೇಡ, ಯಂತ್ರ ಬೇಡ. ಕೈಯನ್ನು ತಲೆಯ ಮೇಲಕ್ಕೆ ಎತ್ತಿದಾಗ ಉಬ್ಬಿದ ನಾಳ ಕುಸಿಯಬೇಕು. ಎತ್ತಿದರೂ ಬಿಗಿದುಕೊಂಡೇ ಇದ್ದರೆ ರಕ್ತ ಹೊರಹೋಗುವ ಕಡೆ ತಡೆ ಇದೆ. ಬೆರಳಿನಿಂದ ನಾಳವನ್ನು ಮೇಲ್ಗಡೆ ಒತ್ತಿಹಿಡಿದಾಗ ಕೆಳಗಿನ ಬಡಿತ ಜೋರಾಗಬೇಕು, ಆಗದಿದ್ದರೆ ತಡೆ ಒಳಬರುವ ಕಡೆ. ತರಬೇತಾದ ಕೈ ಇವೆರಡರಿಂದಲೇ ಇಕ್ಕಟ್ಟು ಎಲ್ಲಿದೆ ಎಂದು ಬಹುಪಾಲು ಸರಿಯಾಗಿ ಹೇಳಬಲ್ಲದು.

ಯಂತ್ರವೂ ಮಾತಾಡುತ್ತದೆ. ರಕ್ತ ಮರಳುವ ಕಡೆಯ ಒತ್ತಡ ವಾರದಿಂದ ವಾರಕ್ಕೆ ಏರುತ್ತಿದ್ದರೆ, ಎಳೆಯುವ ಕಡೆ ರಕ್ತ ಸಾಲದೆ ಅಲಾರಂ ಕೂಗುತ್ತಿದ್ದರೆ, ಸೂಜಿ ಕಿತ್ತ ಮೇಲೆ ಹತ್ತು ನಿಮಿಷದಲ್ಲಿ ನಿಲ್ಲುತ್ತಿದ್ದ ರಕ್ತ ಅರ್ಧ ಗಂಟೆ ತೆಗೆದುಕೊಂಡರೆ ಅವೆಲ್ಲ ಮುನ್ಸೂಚನೆ. ತೋಳು ಇಡೀ ಬಾತು ಎದೆಯ ಮೇಲೆ ನಾಳಗಳು ಎದ್ದು ಕಂಡರೆ ತಡೆ ಎದೆಯೊಳಗಿದೆ. ದುರದೃಷ್ಟಕ್ಕೆ ಇದು ಪಾಳಿ ಬದಲಾಗುವ ಕೋಣೆ; ಒಂದು ದಿನದ ಅಂಕಿಯನ್ನು ಮುಂದಿನ ವಾರದ ಅಂಕಿಯ ಪಕ್ಕ ಇಟ್ಟು ನೋಡುವವರು ಇಲ್ಲದಿದ್ದರೆ ಮುನ್ಸೂಚನೆ ಕಡತದಲ್ಲೇ ಉಳಿಯುತ್ತದೆ. ಚೀಟಿಯಲ್ಲಿ ಆ ಒತ್ತಡದ ಅಂಕಿಯನ್ನು ತಾವೇ ಬರೆದಿಟ್ಟುಕೊಳ್ಳುವ ರೋಗಿಗಳು ಇದ್ದಾರೆ. ಅವರು ಬುದ್ಧಿವಂತರು.

ಅನುಮಾನ ಬಂದ ಮೇಲೆ ಡಾಪ್ಲರ್ ಸ್ಕ್ಯಾನ್. ಫಿಸ್ಟುಲಾದ ಹರಿವು ನಿಮಿಷಕ್ಕೆ 500 ಮಿ.ಲೀ.ಗಿಂತ, ಗ್ರಾಫ್ಟಿನದು 600ಕ್ಕಿಂತ ಇಳಿದಿದ್ದರೆ ಮುಂದಿನ ಹೆಜ್ಜೆ ಇಡಬೇಕು. ಸ್ಕ್ಯಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಿರಿದಾಗಿದ್ದು, ಜೊತೆಗೆ ಮೇಲಿನ ಲಕ್ಷಣವೂ ಇದ್ದರೆ ಮಾತ್ರ ಚಿಕಿತ್ಸೆ. ತೊಂದರೆಯೇ ಕೊಡದ ಇಕ್ಕಟ್ಟನ್ನು ಕೆಣಕುವುದು ಬೇಡ ಎನ್ನುತ್ತದೆ ಅಮೆರಿಕದ ಕೆಡಿಒಕ್ಯುಐ ಮಾರ್ಗಸೂಚಿಯ 2019ರ ಆವೃತ್ತಿ.

ಬಲೂನ್ ಹಾಕುವುದು

ಫಿಸ್ಟುಲೋಪ್ಲಾಸ್ಟಿ ಎಂಬ ಉದ್ದ ಹೆಸರಿನ ಈ ಚಿಕಿತ್ಸೆಯನ್ನು ಜನ ‘ಕೈಗೆ ಬಲೂನ್ ಹಾಕಿಸುವುದು’ ಎನ್ನುತ್ತಾರೆ. ಕ್ಯಾತ್ ಲ್ಯಾಬಿನಲ್ಲಿ ಮಲಗಿಸಿ, ಕೈಯ ಒಂದು ಜಾಗವನ್ನಷ್ಟೇ ಮರಗಟ್ಟಿಸಿ, ಸಣ್ಣ ಕೊಳವೆ ತೂರಿಸುತ್ತಾರೆ. ಅದರ ಮೂಲಕ ಅಯೋಡಿನ್ ಇರುವ ಬಣ್ಣದ್ರವ ಬಿಟ್ಟು ಎಕ್ಸರೆ ಪರದೆಯಲ್ಲಿ ನಾಳದ ನಕ್ಷೆ ನೋಡುತ್ತಾರೆ. ಕೂದಲೆಳೆಯಂಥ ತಂತಿ ಇಕ್ಕಟ್ಟನ್ನು ದಾಟುವುದೇ ಅರ್ಧ ಕೆಲಸ. ತಂತಿ ದಾಟಿದರೆ ಅದರ ಮೇಲೆ ಬಲೂನು ಜಾರಿಸಿ ಉಬ್ಬಿಸುತ್ತಾರೆ. ತೋಳಿಗೆ ಸಾಮಾನ್ಯವಾಗಿ 5ರಿಂದ 8 ಮಿ.ಮೀ., ಎದೆಯ ನಾಳಕ್ಕೆ 10 ಮಿ.ಮೀ. ದಾಟಿದ್ದು. ಉಬ್ಬುವಾಗ ಬಲೂನಿನ ನಡುವೆ ಸೊಂಟದಂತೆ ಒಂದು ಗೆರೆ ಕಾಣುತ್ತದೆ, ಅದೇ ಇಕ್ಕಟ್ಟು. ಒತ್ತಡ ಏರಿಸುತ್ತಾ ಆ ಸೊಂಟ ಮಾಯವಾಗುವವರೆಗೆ ಹಿಡಿಯಬೇಕು. ನಾರು ಗಟ್ಟಿಯಿದ್ದರೆ 20–30 ವಾತಾವರಣದ ಒತ್ತಡವೂ ಬೇಕಾದೀತು. ಕಾರಿನ ಚಕ್ರದ ಗಾಳಿಯ ಹತ್ತು ಪಟ್ಟು ಅಥವಾ ಅದಕ್ಕೂ ಮೇಲೆ. ಆ ಒಂದೆರಡು ನಿಮಿಷ ನೋವು ಇದ್ದೇ ಇದೆ, ನೋವಾಗುವುದಿಲ್ಲ ಎಂದು ಹೇಳಿ ಕಳಿಸುವುದು ತಪ್ಪು. ಕೊನೆಗೆ ಉಳಿದ ಇಕ್ಕಟ್ಟು ಶೇ 30ಕ್ಕಿಂತ ಕಡಿಮೆಯಿದ್ದು ಬೆರಳಿಗೆ ಥ್ರಿಲ್ ಮರಳಿದರೆ ಗೆದ್ದ ಹಾಗೆ. ಬಹುತೇಕರು ಅದೇ ದಿನ ಅಥವಾ ಮರುದಿನ ಮನೆಗೆ ಹೊರಡುತ್ತಾರೆ, ಅದೇ ಫಿಸ್ಟುಲಾದಲ್ಲಿ ಡಯಾಲಿಸಿಸ್ ಮುಂದುವರಿಯುತ್ತದೆ. ನಾಳ ಹರಿಯುವುದು, ಹೆಪ್ಪಿನ ತುಣುಕು ಶ್ವಾಸಕೋಶಕ್ಕೋ ಅಂಗೈ ಧಮನಿಗೋ ಹಾರುವುದು, ಬಣ್ಣದ್ರವಕ್ಕೆ ಮೈ ಒಗ್ಗದಿರುವುದು ಇವು ಅಪಾಯಗಳು. ಅಪರೂಪವಾದರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿ ತಿಳಿಯಬೇಕಾದವು.

ಹೂಳೆತ್ತಿದ ಅಳಿವೆ ಮತ್ತೆ ತುಂಬುವ ಹಾಗೆ, ಹಿಗ್ಗಿಸಿದ ನಾಳವೂ ಹಲವರಲ್ಲಿ ಆರು ತಿಂಗಳು, ವರ್ಷದೊಳಗೆ ಮತ್ತೆ ಕಿರಿದಾಗುತ್ತದೆ. ಬಲೂನೇ ಒಂದು ಗಾಯ ತಾನೆ. ಕೋಶದ ಬೆಳವಣಿಗೆ ತಡೆಯುವ ಪ್ಯಾಕ್ಲಿಟಾಕ್ಸೆಲ್ ಔಷಧಿಯನ್ನು ಬಲೂನಿಗೆ ಲೇಪಿಸಿ ನೋಡಿದ್ದು ಇದಕ್ಕೇ. 330 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರು ತಿಂಗಳ ನಂತರ ಲೇಪಿತ ಬಲೂನಿನವರಲ್ಲಿ ಶೇ 82.2, ಸಾದಾ ಬಲೂನಿನವರಲ್ಲಿ ಶೇ 59.5 ಮಂದಿಯ ನಾಳ ಮತ್ತೆ ಚಿಕಿತ್ಸೆ ಬೇಡದೆ ತೆರೆದಿತ್ತು. ಮರುವರ್ಷ ಬ್ರಿಟನ್ನಿನ ಪೇವ್ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. ದುಬಾರಿ ಬಲೂನನ್ನು ಎಲ್ಲರಿಗೂ ಹೇರುವಷ್ಟು ಪುರಾವೆ ಇಲ್ಲ. ಪದೇ ಪದೇ ಕಟ್ಟಿಕೊಳ್ಳುವ ಜಾಗಕ್ಕೆ ಯೋಚಿಸಬಹುದು. ಬಟ್ಟೆ ಹೊದಿಸಿದಂಥ ಸ್ಟೆಂಟಿನ ಉಪಯೋಗ ಸ್ಪಷ್ಟವಾಗಿರುವುದು ಗ್ರಾಫ್ಟ್ ಅಭಿಧಮನಿ ಸೇರುವಲ್ಲಿ. ಸೂಜಿ ಚುಚ್ಚುವ ಜಾಗದಲ್ಲಿ ಸ್ಟೆಂಟ್ ಇಡುವುದನ್ನು ತಪ್ಪಿಸುತ್ತಾರೆ. ಮಣಿಕಟ್ಟಿನ ಜೋಡಣೆಯ ಪಕ್ಕದ ಇಕ್ಕಟ್ಟಿಗೆ ಮಾತ್ರ ಹಳೆಯ ಶಸ್ತ್ರಚಿಕಿತ್ಸೆ ಇನ್ನೂ ಗಟ್ಟಿ ಉತ್ತರ: ನಾಲ್ಕು ಬೆರಳು ಮೇಲೆ ಹೊಸ ಜೋಡಣೆ ಮಾಡಿದರೆ ಹಿಗ್ಗಿದ ನಾಳವನ್ನೇ ಮುಂದೆಯೂ ಬಳಸಬಹುದು.

ಹೆಪ್ಪುಗಟ್ಟಿದ ಮೇಲೆ

ಪೂರ್ತಿ ಮುಚ್ಚಿದ ಫಿಸ್ಟುಲಾ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಗಂಟೆ. ಮೊದಲ ಒಂದೆರಡು ದಿನ ಹೆಪ್ಪು ಮೊಸರಿನಂತೆ ಮೆತ್ತಗಿರುತ್ತದೆ. ಯುರೋಕೈನೇಸ್ ಅಥವಾ ಆಲ್ಟಿಪ್ಲೇಸ್ ಬಿಟ್ಟು ಕರಗಿಸಬಹುದು, ಹೀರಿ ತೆಗೆಯಬಹುದು, ಫೋಗಾರ್ಟಿ ಬಲೂನಿನಿಂದ ಎಳೆಯಬಹುದು. ದಿನ ಕಳೆದಂತೆ ಅದು ಗೋಡೆಗೆ ಅಂಟಿ ನಾರಾಗುತ್ತದೆ. ವಾರದ ಮೇಲೂ ತೆರೆದವರಿದ್ದಾರೆ, ಆದರೆ ಕೆಲಸ ಕಷ್ಟ, ಬಾಳಿಕೆ ಕಡಿಮೆ. ಹೆಪ್ಪು ತೆಗೆದಷ್ಟಕ್ಕೇ ನಿಲ್ಲಿಸಿದರೆ ಪ್ರಯೋಜನವಿಲ್ಲ. ಹೆಪ್ಪಿಗೆ ಕಾರಣವಾದ ಇಕ್ಕಟ್ಟು ಸಾಮಾನ್ಯವಾಗಿ ಅದರ ಹಿಂದೆಯೇ ಅಡಗಿರುತ್ತದೆ, ಅದನ್ನೂ ಅದೇ ಸಲ ಹಿಗ್ಗಿಸಬೇಕು. ಕೈ ಕೆಂಪಾಗಿ ಕೀವು, ಜ್ವರ ಇದ್ದರೆ ಕರಗಿಸುವ ಪ್ರಶ್ನೆಯೇ ಇಲ್ಲ.

ಈ ನಡುವೆ ರೋಗಿಯ ಡಯಾಲಿಸಿಸ್ ತಪ್ಪಿದೆ ಎಂಬುದನ್ನು ಮರೆಯುವಂತಿಲ್ಲ. ಮೈಯಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಲಯವೇ ತಪ್ಪಬಹುದು, ಶ್ವಾಸಕೋಶದಲ್ಲಿ ನೀರು ನಿಲ್ಲಬಹುದು. ಎಳನೀರು ಕೊಟ್ಟು ಸಮಾಧಾನ ಮಾಡುವುದು ಕರಾವಳಿಯ ಮನೆಗಳ ವಾಡಿಕೆ. ಎಳನೀರಿನಲ್ಲಿ ತುಂಬಿರುವುದೇ ಪೊಟ್ಯಾಸಿಯಂ. ರಕ್ತಪರೀಕ್ಷೆಯಲ್ಲಿ ಅಪಾಯ ಕಂಡರೆ ಮೊದಲು ತಾತ್ಕಾಲಿಕ ಪೈಪು ಹಾಕಿ ಡಯಾಲಿಸಿಸ್, ಆಮೇಲೆ ಕೈ.

ಎರಡು ಶಿರೂರುಗಳ ನಡುವೆ

ಭಟ್ಕಳದಿಂದ ಮಣಿಪಾಲಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 90 ಕಿ.ಮೀ., ಹೊನ್ನಾವರದಿಂದ 130, ಕುಮಟಾದಿಂದ 150ರ ಆಸುಪಾಸು. ಕುಮಟಾದಿಂದ ಉತ್ತರಕ್ಕೆ ಜಿಲ್ಲಾ ಕೇಂದ್ರ ಕಾರವಾರ, ಅಲ್ಲಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, 70 ಕಿ.ಮೀ. ಹತ್ತಿರ. ಹುಬ್ಬಳ್ಳಿಗೆ ಅರಬೈಲು ಘಟ್ಟ, ಶಿರಸಿಗೆ ದೇವಿಮನೆ, ಸಾಗರ-ಶಿವಮೊಗ್ಗಕ್ಕೆ ಗೇರುಸೊಪ್ಪೆ. ಮಳೆಗಾಲದಲ್ಲಿ ಯಾವ ಘಟ್ಟ ಎಂದು ಮುಚ್ಚುತ್ತದೆ ಎಂದು ಹೇಳಲು ಬಾರದು.

ದಕ್ಷಿಣದ ದಾರಿಯಲ್ಲಿ ಒಂದು ಶಿರೂರಿದೆ, ಬೈಂದೂರು ತಾಲ್ಲೂಕಿನದು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಅಲ್ಲಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲೇ ಎದ್ದಿದ್ದ ಕೂಗು ಮತ್ತೆ ಜೋರಾದದ್ದು ಆಗ. ಉತ್ತರದ ದಾರಿಯಲ್ಲಿ ಇನ್ನೊಂದು ಶಿರೂರು, ಅಂಕೋಲಾ ತಾಲ್ಲೂಕಿನದು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹೆದ್ದಾರಿ ಗಂಗಾವಳಿಯ ಅಂಚಿನಲ್ಲಿ ಮಣ್ಣಿನಡಿ ಹೂತಿತು, ಕುಮಟಾ-ಕಾರವಾರ ನಡುವಿನ ನೇರ ಸಂಚಾರ ದಿನಗಟ್ಟಲೆ ನಿಂತಿತು. ಒಂದೆರಡು ದಿನದೊಳಗೆ ಕ್ಯಾತ್ ಲ್ಯಾಬ್ ಮುಟ್ಟಬೇಕಾದ ಕೈಗೆ ಇಂಥ ರಸ್ತೆಯೂ ಕಾಯಿಲೆಯ ಒಂದು ಭಾಗ. ಕೊಂಕಣ ರೈಲು ಇದೆ ಎಂಬುದು ಸಮಾಧಾನ. ಆಂಬುಲೆನ್ಸ್ ಬೇಕಾಗದ ಸ್ಥಿತಿಯಲ್ಲಿರುವವರು ಮೂರೂ ಊರುಗಳಿಂದ ಉಡುಪಿ ನಿಲ್ದಾಣಕ್ಕೆ ಇಳಿದರೆ ಮಣಿಪಾಲ ಪಕ್ಕದಲ್ಲೇ.

2016–17ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ಗುರಿ ಜಿಲ್ಲಾ ಆಸ್ಪತ್ರೆಗಳಾಗಿದ್ದವು. ಕರ್ನಾಟಕ ತಾಲ್ಲೂಕಿನವರೆಗೂ ಹೋಯಿತು, ಅದು ದೊಡ್ಡ ಕೆಲಸ. ಆದರೆ ಯೋಜನೆಗಳು ಎಣಿಸುವುದು ಯಂತ್ರಗಳನ್ನು, ಡಯಾಲಿಸಿಸ್ ಸರದಿಗಳನ್ನು. ಫಿಸ್ಟುಲಾ ಎಷ್ಟು ದಿನ ಬಾಳಿತು ಎಂದು ಎಣಿಸುವ ಅಂಕಣ ಇದ್ದರೆ ಈ ಕರಾವಳಿಯ ಚಿತ್ರ ಬೇರೆಯೇ ಇರುತ್ತಿತ್ತು. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ರಕ್ಷಣೆ ಇದೆ. ತುರ್ತಿನ ಹೊರತು ದೊಡ್ಡಾಸ್ಪತ್ರೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಆದ್ದರಿಂದ ಥ್ರಿಲ್ ದುರ್ಬಲವಾಗಿದೆ ಎನಿಸಿದ ದಿನವೇ ಪತ್ರ ಬರೆಸಿಟ್ಟುಕೊಳ್ಳುವುದು ಮೇಲು. ಶನಿವಾರ ಸಂಜೆ ಹೆಪ್ಪುಗಟ್ಟಿದ ಮೇಲೆ ಸಹಿ ಮಾಡುವವರು ಸಿಗುವುದು ಕಷ್ಟ.

ಕುತ್ತಿಗೆಯ ಪೈಪು

ಪೈಪು ಕಟ್ಟಿಕೊಂಡರೆ ಚಿಕಿತ್ಸೆ ಸುಲಭ, ತಾಲ್ಲೂಕಿನಲ್ಲೂ ಸಾಧ್ಯ: ಹೆಪ್ಪು ಕರಗಿಸುವ ಔಷಧಿಯನ್ನು ಕೊಳವೆಯೊಳಗೆ ತುಂಬಿ ಅರ್ಧ ಗಂಟೆಯಿಂದ ಎರಡು ಗಂಟೆ ಬಿಡುತ್ತಾರೆ. ತುದಿಗೆ ಪೊರೆ ಕಟ್ಟಿದ್ದರೆ ಮಾತ್ರ ಪೈಪನ್ನೇ ಬದಲಿಸಬೇಕು. ನಿಜವಾದ ಭಯ ಸೋಂಕಿನದು. ಡಯಾಲಿಸಿಸ್ ಶುರುವಾಗಿ ಸ್ವಲ್ಪ ಹೊತ್ತಿಗೆ ಗಡಗಡ ಚಳಿ ಬಂದರೆ ಅದು ಎಸಿ ಗಾಳಿಯಲ್ಲ, ಪೈಪಿನಿಂದ ರಕ್ತಕ್ಕೆ ಇಳಿದ ಸೋಂಕು ಎಂದು ಮೊದಲು ಸಂಶಯಿಸಬೇಕು. ಫಿಸ್ಟುಲಾ ಮಾಡಿಸಿಕೊಳ್ಳಲು ಹೆದರಿ ಪೈಪಿನಲ್ಲೇ ತಿಂಗಳುಗಟ್ಟಲೆ ಕಳೆಯುವವರು ಎದೆಯ ನಾಳವನ್ನೂ ಕಳೆದುಕೊಳ್ಳುತ್ತಾರೆ. ಆಗ ಆ ಬದಿಯ ಕೈಗೆ ಫಿಸ್ಟುಲಾ ಮಾಡಿದರೂ ತೋಳು ಬಾತುಕೊಳ್ಳುತ್ತದೆ.

ನಾಳ ಉಳಿಸುವುದು

ಮೂತ್ರಪಿಂಡ ಸೋಲುತ್ತಿದೆ ಎಂದು ಗೊತ್ತಾದ ದಿನದಿಂದ ಬಲಗೈ ಬಳಸುವವರ ಎಡಗೈ ಮೀಸಲು. ಅದಕ್ಕೆ ಡ್ರಿಪ್ ಬೇಡ, ರಕ್ತ ತೆಗೆಯುವುದು ಬೇಡ, ಬೇಕೇ ಬೇಕಾದರೆ ಅಂಗೈ ಹಿಂಭಾಗದಲ್ಲಿ. ಸುಸ್ತಾದಾಗಲೆಲ್ಲ ‘ಒಂದು ಗ್ಲೂಕೋಸ್ ಹಾಕಿ’ ಎಂದು ಕೇಳುವುದು ನಮ್ಮ ಊರುಗಳ ಹಳೆಯ ಚಟ. ಸಕ್ಕರೆ ಕಾಯಿಲೆಯವರ ಮೊಣಕೈ ನಾಳಗಳು ಹೀಗೆಯೇ ಬತ್ತಿ, ಫಿಸ್ಟುಲಾಗೆ ಬಂದಾಗ ಹೊಲಿಯಲು ನಾಳವೇ ಇರುವುದಿಲ್ಲ. ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ಬಿಗಿ ಬಳೆ, ವಾಚು ಬೇಡ, ಮೀನು ಬುಟ್ಟಿಯೋ ಅಡಿಕೆ ಮೂಟೆಯೋ ಆ ಕೈಯಲ್ಲಿ ತೂಗಬಾರದು. ಮೆತ್ತನೆ ಚೆಂಡು ಹಿಸುಕುವುದರಿಂದ ನಷ್ಟವಿಲ್ಲ. ಲಾಭ ಎಷ್ಟು ಎಂಬುದರಲ್ಲಿ ಒಮ್ಮತವಿಲ್ಲ.

ಎರಡೂ ಕೈಗಳ ನಾಳ ಮುಗಿದವರಿಗೆ ತೊಡೆಯಲ್ಲಿ ಗ್ರಾಫ್ಟ್ ಹಾಕುವುದುಂಟು. ಹೊಟ್ಟೆಯ ಪೊರೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್‌ಗೆ ರಕ್ತನಾಳದ ಹಂಗೇ ಇಲ್ಲ. ಹೆದ್ದಾರಿಯಿಂದ ಒಳಗಿರುವ ಊರಿನವರಿಗೆ ಅದು ಹೇಳಿ ಮಾಡಿಸಿದಂತಿದ್ದರೂ ಬಳಕೆ ಕಡಿಮೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರೂ ಫಿಸ್ಟುಲಾವನ್ನು ಕೂಡಲೇ ಮುಚ್ಚಿಸುವುದಿಲ್ಲ. ಹೊಸ ಮೂತ್ರಪಿಂಡ ಕೆಲಸ ಮಾಡುತ್ತಿರುವಾಗಲೂ, ಬೆಳಿಗ್ಗೆ ಎದ್ದ ಕೂಡಲೇ ಅವರ ಬಲಗೈ ಬೆರಳು ಎಡ ಮಣಿಕಟ್ಟಿನ ಮೇಲೆ ಹೋಗುತ್ತದೆ.